ಸೂಜಿಯೊಳಗೆ

ಬೂಷ್ಟು ಅಂದರೆ ಎಸೆಯುವುದು.
ಬ್ರೆಡ್ಡಿನ ಒಂದು ಮೂಲೆ ಹಸಿರಾದರೂ
ಅಮ್ಮ ಇಡೀ ಪೌಂಡನ್ನು ಕೋಳಿಗೆ ಹಾಕುತ್ತಿದ್ದಳು,
ಕೈ ತೊಳೆದು, ಮತ್ತೊಮ್ಮೆ ಕೈ ತೊಳೆದು.
ಅವಳ ಮಗಳು ನಾನು, ಝೆಲಿಕಾ,
ಮೂವತ್ತು ಸಾವಿರ ಸ್ಪ್ರೂಸ್ ಸಸಿಗಳಿಗೆ
ಬೂಷ್ಟು ಹಿಡಿಸಿ ಸಂಬಳ ಎಣಿಸುತ್ತೇನೆ.

ಹೊರಗೆ ರೆಸ್ಟಿಗೂಷ್ ನದಿಯ ಮೇಲೆ ಇನ್ನೂ ಹಿಮದ ಚಪ್ಪಡಿ.
ಒಳಗೆ ಹಸಿರುಮನೆಯ ಗಾಜು ಬೆವರುತ್ತದೆ.
ತಲೆಯ ಮೇಲೆ ಕೊಳವೆ ಹಳಿ ಹಿಡಿದು ತೆವಳುತ್ತ
ಹೊಗೆಗಿಂತ ತೆಳ್ಳಗೆ ನೀರು ಉಗುಳುತ್ತದೆ.
ನೀರಿನಲ್ಲಿ ಅದು.
ಎಲ್ಲಿಂದಲೋ ತಂದದ್ದಲ್ಲ, ಈ ಕಾಡಿನದೇ,
ಹುಳ ಮುಟ್ಟದೆ ಬಿಟ್ಟ ಒಂದು ಮುದಿ ಮರದೊಳಗೆ ಸಿಕ್ಕದ್ದು.
ಸೂಜಿಯೆಲೆಯ ಸಂದಿಯಲ್ಲಿ ನುಸುಳಿ
ಅಲ್ಲೇ ಸಂಸಾರ ಹೂಡುತ್ತದೆ.
ಸಸಿ ಬೈಯುವುದಿಲ್ಲ, ಹೊರದಬ್ಬುವುದಿಲ್ಲ,
ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಹಿಡಿಯಿತೋ ಇಲ್ಲವೋ ತಿಳಿಯುವುದು ನಿಧಾನ.
ಒಂದು ಸೂಜಿ ಕಿತ್ತು, ಬ್ಲೀಚಿನಲ್ಲಿ ಮೀಯಿಸಿ,
ಹೊರಮೈಯ ಜೀವವನ್ನೆಲ್ಲ ಕೊಂದು,
ತುಂಡು ಮಾಡಿ ತಟ್ಟೆಯ ಜೆಲ್ಲಿಯಲ್ಲಿ ಮಲಗಿಸಿ ಕಾಯಬೇಕು.
ಒಂದು ವಾರ. ಮೂರು. ಏಳು.
ಕೊನೆಗೊಂದು ದಿನ ಕತ್ತರಿಸಿದ ತುದಿಯಲ್ಲಿ
ಬೆಕ್ಕಿನಮರಿಯ ಮೂಗಿನಷ್ಟು ಬೂದು.
"ಬಂತು!" ಅಂತ ಕೂಗುತ್ತೇನೆ,
ಪಕ್ಕದ ಮೇಜಿನ ಅದೆಲಾರ್ ಕಿವಿ ಮುಚ್ಚಿಕೊಳ್ಳುವಷ್ಟು.
ನಲವತ್ತೊಂದನೆಯ ಟ್ರೇಯದು ಮಾತ್ರ ಬರಲಿಲ್ಲ.
ಯಾಕೆಂದು ಯಾರಿಗೂ ಗೊತ್ತಿಲ್ಲ.

ಒನೇಸಿಮ್ ಮಾವ ನೋಡಲು ಬಂದ, ಕೋಲೂರಿಕೊಂಡು.
ಹದಿನೇಳರ ಪ್ರಾಯದಲ್ಲಿ
ವಿಮಾನಗಳ ಹೊಟ್ಟೆಗೆ ಮದ್ದು ತುಂಬುತ್ತಿದ್ದವನು.
ಬೆಳಗಿನ ನಾಲ್ಕಕ್ಕೆ, ಗಾಳಿ ಏಳುವ ಮುಂಚೆ,
ಮರಗಳ ನೆತ್ತಿ ಸವರಿಕೊಂಡು ಹೋಗುತ್ತಿದ್ದವಂತೆ,
ಹಿಂದೆ ಉದ್ದನೆಯ ಬಿಳಿ ಸೆರಗು ಬಿಟ್ಟುಕೊಂಡು.
ಹುಳ ಸತ್ತವು, ಅನ್ನುತ್ತಾನೆ,
ಕೊಡೆ ಹಿಡಿದು ನಿಂತಿದ್ದರೆ ಸದ್ದು ಕೇಳುವ ಹಾಗೆ ಉದುರಿದವು.
ಸುಮ್ಮನಾಗುತ್ತಾನೆ.
ಆಮೇಲೆ, ಬೇರೆ ಯಾರದೋ ಸುದ್ದಿ ಹೇಳುವವನಂತೆ:
ಆ ಬೇಸಿಗೆ ಗಾಳಕ್ಕೆ ಒಂದೂ ಸಾಲ್ಮನ್ ಬೀಳಲಿಲ್ಲ,
ಹೊಳೆಯಂಚಿನ ಕಲ್ಲಿನ ಮೇಲೆ ನೊಣವೂ ಕೂರಲಿಲ್ಲ.
ಮರುವರ್ಷ ಹುಳ ಮತ್ತೆ ಬಂತು. ಮೀನು ಬರಲಿಲ್ಲ.

"ನಿನ್ನದು ಕೊಲ್ಲುತ್ತದೇನೇ?"
ಕೊಲ್ಲುತ್ತದೆ, ಕೆಲವನ್ನು. ಉಳಿದವು
ರುಚಿಸದ ಊಟದಿಂದ ಅರ್ಧಕ್ಕೇ ಎದ್ದ ನೆಂಟರು,
ಬಡಕಲಾಗಿ, ತಡವಾಗಿ ರೆಕ್ಕೆ ಕಟ್ಟಿಕೊಳ್ಳುತ್ತವೆ.
"ಅಷ್ಟೇನಾ?"
ಅಷ್ಟೇ.
ಅವನಿಗೆ ನಿರಾಸೆ,
ಯುದ್ಧ ನೋಡಿದವನಿಗೆ
ಅಡುಗೆಮನೆಯ ಮುನಿಸು ತೋರಿಸಿದ ಹಾಗೆ.

ಹೋಗುವಾಗ ಬಾಗಿಲ ಬಳಿ ನಿಂತು
ಒಂದು ಸೂಜಿ ಚಿವುಟಿ ಬಾಯಿಗೆ ಹಾಕಿಕೊಂಡ.
ಉಳಿದಿರುವ ಮುಂದಿನ ಹಲ್ಲಿನಲ್ಲಿ, ಹುಳದ ಹಾಗೆಯೇ,
ಸ್ವಲ್ಪ ಸ್ವಲ್ಪವೇ ಕಡಿದ.
ನಾನು ಅವನ ಮುಖವನ್ನೇ ನೋಡುತ್ತಿದ್ದೆ.
"ಬರೀ ಸ್ಪ್ರೂಸ್," ಅಂದ. "ನಮ್ಮಜ್ಜ ಅಗಿಯುತ್ತಿದ್ದದ್ದೇ."
ಉಗುಳಲಿಲ್ಲ.

ಅವನ ಕಾರು ತಿರುವು ದಾಟಿದ ಮೇಲೆ
ಯಾವ ಟ್ರೇಯಿಂದ ಕಿತ್ತನೆಂದು ಬಗ್ಗಿ ನೋಡಿದೆ.
ನಲವತ್ತೊಂದು.

ಫೋನು ಮಾಡಿ ಹೇಳಲಿಲ್ಲ.
ಜೂನಿನಲ್ಲಿ ಅದನ್ನೂ ಉಳಿದವುಗಳ ಜೊತೆಗೇ ನೆಡುತ್ತೇವೆ.
ನಿಲುವಿನಲ್ಲಿ, ಬಣ್ಣದಲ್ಲಿ, ಗಾಳಿಗೆ ಬಾಗುವುದರಲ್ಲಿ
ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.
ಯಾವುದರೊಳಗೆ ಯಾರಿದ್ದಾರೆ ಅನ್ನುವುದನ್ನು
ಹುಳವೇ ತಿಂದು ಹೇಳಬೇಕು.