ಮೇಲ್ಕಾಣಿಸಿದ ಅರ್ಜಿದಾರ

ಕಾರವಾರದ ಕೋರ್ಟಿನ ಕಂಪೌಂಡಿಗೆ ಒರಗಿ
ಮೂವತ್ತೊಂದು ವರ್ಷ ಕುಟ್ಟಿದ್ದೇನೆ ಈ ಯಂತ್ರ.
ಜಮೀನು, ಜೀವನಾಂಶ, ಕಳೆದುಹೋದ ರೇಷನ್ ಕಾರ್ಡು,
ಬೋಟಿಗೆ ಬೋಟು ಬಡಿದ ತಕರಾರು.
ಚಿನ್ನದ ಗಣಿ ಮಾತ್ರ
ಒಂದೇ ದಿನ ಬಂತು, ಎರಡು ಬಾರಿ.

ಬೆಳಿಗ್ಗೆ ಬಂದವ ಕೋಡಿಬಾಗದ ಪುರ್ಸೊ ತಾಂಡೇಲ,
ಮರಳುಗಾಡಿನಲ್ಲಿ ಕಂಪನಿಯ ಜೀಪು ನಡೆಸಿದವ.
"ಬರ್ಕೊಳ್ಳಿ ಮಾಸ್ತರ್ರೆ," ಅಂದ,
"ರೇಡಿಯೇಟರು ಕುದಿಯಿತು. ನಿಲ್ಲಿಸಿದೆ.
ನಾ ನಿಲ್ಲಿಸದಿದ್ದರೆ ಅಲ್ಲಿ ಯಾರು ನಿಲ್ಲುತ್ತಿದ್ದರು?
ನೆರಳಿಲ್ಲ, ನೀರಿಲ್ಲ, ಉಚ್ಚೆ ಹೊಯ್ಯಲಿಕ್ಕೂ
ಮರೆಯಿಲ್ಲದ ಜಾಗ ಅದು."
ಚಕ್ರಕ್ಕೆ ಒತ್ತು ಕೊಡಲು ಕಲ್ಲು ಎತ್ತಿದರೆ
ಬಿರುಕಿನಲ್ಲಿ ಹಳದಿ ಗೆರೆ,
"ಬಂಗಡೆ ಹೊಟ್ಟೆ ಸೀಳಿದಾಗ ಕಾಣುವ ತತ್ತಿಯ ಹಾಗೆ."

ಹಾಗೆಯೇ ಕುಟ್ಟಿದೆ. ಬಂಗಡೆ ಬಿಟ್ಟು.

ಮಧ್ಯಾಹ್ನ, ನಾನು ಬುತ್ತಿ ಬಿಚ್ಚುವ ಹೊತ್ತಿಗೆ
ಸುಂಕೇರಿಯ ಬಸ್ತ್ಯಾಂವ. ಅದೇ ಕಂಪನಿಯ ಅಡುಗೆಯವ.
ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.
"ಜೀಪು ನಿಂತದ್ದು ಹೌದು. ನಿಂತ ಜೀಪಿಗೆ ಕಣ್ಣುಂಟ?
ಒಲೆಗೆ ಮೂರು ಕಲ್ಲು ತಂದವ ನಾನು.
ಅನ್ನ ಉಕ್ಕಿ ಗಂಜಿ ಚೆಲ್ಲಿ
ಮಸಿ ತೊಳೆದಲ್ಲಿ ಹೊಳೆಯಿತು.
ತಾಂಡೇಲ ಆಗ ಜೀಪಿನಡಿಯ ನೆರಳಲ್ಲಿ
ಗೊರಕೆ ಹೊಡೀತಿದ್ದ, ದೇವರಾಣೆ."
ಸಾಕ್ಷಿಗಿರಲಿ ಎಂದು ಮೇಜಿನ ಮೇಲೆ
ಮುಷ್ಟಿ ಗಾತ್ರದ ಕಲ್ಲಿಟ್ಟ.

ಅವನದನ್ನೂ ಕುಟ್ಟಿದೆ. ಗೊರಕೆ ಬಿಟ್ಟು.
ಅದೇ ರಿಬ್ಬನ್ನು, ಅದೇ ಇಪ್ಪತ್ತು ರೂಪಾಯಿ,
ಮೇಲಕ್ಕೆ ಜಿಗಿಯುವ ಅದೇ ಮಕಾರ.
ಎರಡರಲ್ಲೂ ‘ಮೊದಲು’ ಎಂಬ ಪದ
ಸಾಲಿಗಿಂತ ಕೂದಲೆಳೆ ಎತ್ತರ.

ಒಂದು ಸಂಗತಿ ಇಬ್ಬರೂ ಹೇಳಿದರು,
ಬರೆಸುವಾಗಲ್ಲ, ಚಾ ಕುಡಿಯುವಾಗ.
ಹಿಂದಿನ ಸಂಜೆ ಆಡು ಕಾಯುವ ಹುಡುಗನೊಬ್ಬ
ನೀರು ಕೇಳಿ ಬಂದಿದ್ದನಂತೆ. ಕುಡಿದು,
ಬದಲಿಗೆ ಕೊಡಲು ಏನೂ ಇಲ್ಲದೆ
ಆ ದಿಬ್ಬದ ಕಡೆ ಕೈ ತೋರಿಸಿ
ಏನೋ ಅಂದನಂತೆ.
ಏನಂದ?
ಪುರ್ಸೊ: "ಅವನ ಭಾಷೆ ನಮಗೆಲ್ಲಿ ಬರಬೇಕು."
ಬಸ್ತ್ಯಾಂವ: "ದಾರಿ ಅಂತ ಇರಬೇಕು."
ಹೆಸರು?
ಬೆಳಿಗ್ಗೆ ಒಬ್ಬ, ಮಧ್ಯಾಹ್ನ ಒಬ್ಬ,
ಒಂದೇ ಗ್ಲಾಸಿನ ತಳ ನೋಡಿದರು.

ಎಂಟು ತಿಂಗಳಿಗೆ ಉತ್ತರ. ಲಕೋಟೆ ಎರಡು, ಒಕ್ಕಣೆ ಒಂದು:
ಗಣಿಯನ್ನು ಕಂಡವರು ಕಂಪನಿಯ ಭೂವಿಜ್ಞಾನಿಗಳು.
ದಿಬ್ಬಕ್ಕೆ ಅವರದೇ ಹೆಸರಿಡಲಾಗಿದೆ.
ಆ ದಿನ ವಾಹನ ನಿಂತ ಬಗ್ಗೆ, ಅನ್ನ ಬೆಂದ ಬಗ್ಗೆ
ಯಾವ ದಾಖಲೆಯೂ ಇಲ್ಲ.
"ಸಾಹೇಬ ಆಗ ಎಲ್ಲಿದ್ದ ಗೊತ್ತುಂಟ?" ಪುರ್ಸೊ ಉರಿದ,
"ಕ್ಯಾಂಪಿನಲ್ಲಿ, ಹೊಟ್ಟೆ ಕೆಟ್ಟು ಮಲಗಿದ್ದ,
ಆ ಬಸ್ತ್ಯಾಂವನ ಸಾರು ತಿಂದು!"

ಆಮೇಲೆ ಇಬ್ಬರೂ ಒಂದಾದರು ಅಂತ ಬರೆದರೆ ಸುಳ್ಳು.
ಮೀನುಪೇಟೆಯಲ್ಲಿ ಒಬ್ಬ ಈ ಬದಿ, ಒಬ್ಬ ಆ ಬದಿ.
ಒಂದೇ ಬುಟ್ಟಿಯ ಬೆಲೆ ಕೇಳುತ್ತಾರೆ,
ಮುಖ ನೋಡುವುದಿಲ್ಲ.

ಕಲ್ಲು ಇನ್ನೂ ನನ್ನ ಹತ್ತಿರವೇ ಉಂಟು.
ಚಿನ್ನದ ಸುಳಿವಿಲ್ಲ, ಅಕ್ಕಸಾಲಿಗ ತಿಕ್ಕಿ ನೋಡಿದ್ದಾನೆ.
ಮಧ್ಯಾಹ್ನ ಕಡಲ ಗಾಳಿ ಎದ್ದಾಗ
ಊರವರ ಕಾಗದ ಹಾರದಂತೆ ಕೂತಿರುತ್ತದೆ.
ನಿನ್ನೆ ಕೈಗೆತ್ತಿಕೊಂಡು ತಿರುಗಿಸಿದೆ, ಸುಮ್ಮನೆ.
ಒಂದು ಮಗ್ಗುಲು ಒಲೆಯ ಮಸಿ.
ಇನ್ನೊಂದರಲ್ಲಿ, ಉಗುರಿಗೆ ಮೆತ್ತುವ,
ಕರಗಿ ಹತ್ತಿದ ಟೈರಿನ ರಬ್ಬರು.

ಇಬ್ಬರಿಗೂ ಹೇಳಿಲ್ಲ.
ಹಾಳೆ ಸಿಕ್ಕಿಸಿ ಕೂತೆ:
ಇದನ್ನು ಮೊದಲು ಕಂಡವ ನಾನು.
ಮಕಾರ ಜಿಗಿಯಿತು.