ಹದಿಮೂರನೆಯ ಎಲೆ

ಚರ್ಚ್ ಸ್ಟ್ರೀಟಿನಲ್ಲಿ, ಕಾಫಿ ಅಂಗಡಿಯ ಮಗ್ಗುಲಿಗೆ
ಮಡಿಚುವ ಮೇಜು ಹಾಕಿಕೊಂಡು ಕೂತಿದ್ದಳು ಹುಡುಗಿ.
ರಟ್ಟಿನ ಮೇಲೆ ಬರೆದಿತ್ತು: ಮೂರು ಎಲೆಗೆ ಮುನ್ನೂರು.
"ಕೂತ್ಕೊಳ್ಳಿ ಆಂಟಿ" ಅಂದಳು. ಮಂಡಿ ನೋಯುತ್ತಿತ್ತು, ಕೂತೆ.
ಭವಿಷ್ಯಕ್ಕಲ್ಲ.

ಡಬ್ಬಿಯ ಮೇಲೆ ಅವನಿದ್ದ,
ಪತ್ತೇದಾರ ಇಂದುಶೇಖರ.
ಹುಬ್ಬಿನವರೆಗೆ ಹ್ಯಾಟು, ತುಟಿಯಂಚಿಗೆ ಸಿಗರೇಟು.
ಒಂದೂವರೆ ರೂಪಾಯಿ ಪುಸ್ತಕ, ತಿಂಗಳಿಗೊಂದು ಕೊಲೆ;
ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಕಿಟಕಿಗೆ ಬಂದದ್ದು
ಮಂಡ್ಯ ದಾಟುವಷ್ಟರಲ್ಲಿ ಬಗೆಹರಿಯುತ್ತಿತ್ತು.
"ವಿಂಟೇಜ್ ಆಂಟಿ, ತಾತನ ಟ್ರಂಕಲ್ಲಿ ಸಿಕ್ತು.
ಮುಖಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ ಟ್ಯಾರೋ ಮಾಡಿದ್ವಿ.
ಎಪ್ಪತ್ತೆಂಟು ಎಲೆ. ಇವನು ಗೊತ್ತಾ ನಿಮಗೆ?"

ಗೊತ್ತು.
ಆರ್ಟಿಸ್ಟ್ ಮುದ್ದುರಂಗನ ಭಾವಮೈದ,
ಬಳೇಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದವನು.
ಸಿಗರೇಟು ಅಂದರೆ ಸೀಮೆಸುಣ್ಣ. ಕೋಟು ಬಾಡಿಗೆಯದು,
ಖಳನಿಗೂ ಅದೇ, ಗುಂಡಿಯ ಬಣ್ಣ ಮಾತ್ರ ಬೇರೆ.
ಅಂಗಡಿಯ ಮೇಲಿನ ಕೋಣೆಯಲ್ಲಿ,
ಕೆಳಗೆ ಯಾರೋ ಷಡ್ಜ ಸರಿಮಾಡಿಕೊಳ್ಳುವಾಗ,
ನಾವು ಓಡುತ್ತಿದ್ದೆವು, ಕಿರುಚುತ್ತಿದ್ದೆವು, ಸಾಯುತ್ತಿದ್ದೆವು,
ಅಲ್ಲಾಡದೆ.

ನಾನು ಪ್ರೆಸ್ಸಿನಲ್ಲಿ ಪುಸ್ತಕದ ಬೆನ್ನಿಗೆ ಗೋಂದು ಹಚ್ಚುವವಳು.
ಹತ್ತೊಂಬತ್ತು ವಯಸ್ಸು. ಒಂದು ಸಲ ನಿಂತರೆ
ಐದು ರೂಪಾಯಿ, ಜೊತೆಗೆ ಖಾಲಿ ದೋಸೆ.
ಮನೆಯಲ್ಲಿ ಓವರ್‌ಟೈಮ್ ಅಂದಿದ್ದೆ.

ಮೊದಲ ಎಲೆ ಖಡ್ಗದ ರಾಣಿ.
ನೀಲಿ ಸೀರೆ, ಎತ್ತಿದ ಪಿಸ್ತೂಲು.
"ಯಾರಿಗೂ ಬಗ್ಗದ ಹೆಂಗಸು" ಅಂದಳು.
ಅದು ಗೋಂದಿನ ಬ್ರಷ್ಷು. ತುದಿ ಒಣಗಿ ಗಟ್ಟಿಯಾಗಿತ್ತು.
ಎರಡನೆಯದು ಚಂದ್ರ. ಗಾಜಿಗೆ ಮುಖವೊತ್ತಿ
ಕಿರುಚುತ್ತಿರುವವಳ ತುಟಿಯ ಎಡಗಡೆ
ಚೂರು ನಗು ಉಳಿದುಬಿಟ್ಟಿದೆ.
ಮುದ್ದುರಂಗ ಅದನ್ನು ಅಳಿಸಲಿಲ್ಲ, ಯಾಕೋ.

ಮೂರನೆಯದು ತಿರುವಿದ್ದೇ ತಡ, ಅದರ ಮೇಲೆ ಅಂಗೈ ಇಟ್ಟಳು ಹುಡುಗಿ,
ಅರವತ್ತೆಂಟರವಳಿಗೆ ಬರಬಾರದ ಎಲೆ ಬಂತೆನ್ನುವ ಹಾಗೆ.
"ಹೆದರ್ಬೇಡಿ ಆಂಟಿ. ಸಾವು ಅಂದ್ರೆ ಸಾವಲ್ಲ.
ಚೇಂಜ್."

ಅವಳ ಬೆರಳ ಸಂದಿಯಲ್ಲಿ ಕಂಡೆ:
ಮೆಟ್ಟಿಲ ಮೇಲೆ ತಲೆಕೆಳಗಾಗಿ ಬಿದ್ದಿದ್ದೇನೆ.
ಬಿಚ್ಚಿದ ಕೂದಲು, ಬೆನ್ನಿಗೆ ಚಾಕು,
ರಕ್ತ ನನಗಿಂತ ಮೂರು ಮೆಟ್ಟಿಲು ಮುಂದಕ್ಕೆ ಹೋಗಿದೆ.
ಎಡಗೈ ಮಾತ್ರ ಬಿಗಿಮುಷ್ಟಿ.

"ಈ ಮುಷ್ಟಿ ನೋಡಿ. ಏನೋ ಗುಟ್ಟು ಹಿಡ್ಕೊಂಡೇ ಹೋಗಿದಾಳೆ.
ಏನಂತ ಪುಸ್ತಕದಲ್ಲೂ ಹೇಳಲ್ಲ, ಎರಡು ಸಲ ಓದಿದೀನಿ."

ಹೇಳುವುದು ಹೇಗೆ. ಮುಖಪುಟ ಮೊದಲು, ಕಥೆ ಆಮೇಲೆ.
ಹೆಣ ಹೀಗೆ ಬಿದ್ದಿದೆ ಎಂದು ತೋರಿಸಿದ ಮೇಲೇ
ಲೇಖಕರು ಕೊಲೆಗಾರನನ್ನು ಹುಡುಕಲು ಹೊರಡುತ್ತಿದ್ದದ್ದು.
ಅವತ್ತು ಮುದ್ದುರಂಗ, "ಸೆರಗಿನ ಗಂಟು ಬಿಚ್ಚಮ್ಮ,
ಹೆಣಕ್ಕೆ ಯಾಕೆ ಗಂಟು" ಅಂದ.
ಬಿಚ್ಚಿದೆ. ಗಂಟಿನೊಳಗೆ ಇದ್ದದ್ದನ್ನು ಎಲ್ಲಿಡಲಿ?
ಮುಕ್ಕಾಲು ಗಂಟೆ ಸತ್ತಿದ್ದೆ. ಮೊಣಕಾಲ ಹಿಂದೆ ಇರುವೆ ಕಚ್ಚಿತು.
ರಾಜಾಜಿನಗರದ ಕೊನೇ ಬಸ್ಸು ಎಂಟೂವರೆಗೆ.

"ಚೇಂಜೇ" ಅಂದೆ. "ಮೂವತ್ತು ಪೈಸೆ."

ಚೌಕಾಸಿ ಅಂದುಕೊಂಡಳೋ ಏನೋ,
"ಸ್ಕ್ಯಾನ್ ಮಾಡಿ ಆಂಟಿ, ಚಿಲ್ಲರೆ ತಾಪತ್ರಯ ಬೇಡ" ಅಂತ
ಕಪ್ಪು ಚೌಕಗಳ ಹಾಳೆ ಮುಂದಕ್ಕೆ ತಳ್ಳಿದಳು.
ಮೂರು ನೂರರ ನೋಟು ಎಣಿಸಿ ಕೊಟ್ಟೆ.
ಅವಳದಕ್ಕೆ ಜಾಗ ಇರಲಿಲ್ಲ, ಪುಸ್ತಕದೊಳಗೆ ಸಿಕ್ಕಿಸಿದಳು.

ಕಟ್ಟಿಗೆ ಸೇರಿಸುವಾಗ ಆ ಎಲೆ ಅವಳ ಕೈಯಲ್ಲಿ ತಿರುಗಿತು.
ಒಂದು ಚಣ ನನ್ನ ತಲೆ ಮೇಲಿತ್ತು.
ಕೂದಲು ಹಾರಿಸಿಕೊಂಡು, ಬೆನ್ನಿನ ಚಾಕು ಲೆಕ್ಕಿಸದೆ,
ಮುಷ್ಟಿ ಸಡಿಲಿಸದೆ
ದಡದಡ ಮೆಟ್ಟಿಲು ಹತ್ತುತ್ತಿದ್ದೆ,
ಎಂಟೂ ಇಪ್ಪತ್ತೈದಾಗಿತ್ತು.