ಇಪ್ಪತ್ತೆಂಟನೆಯ ದಿನ

ಹಾಸನದ ಸಾಲಗಾಮೆ ರಸ್ತೆಯ ಸೈಟಿನಲ್ಲಿ
ಮೊದಲ ವರ್ಷ ನಾನು ಎಣಿಸಿದ್ದು ಬರೀ ಸಿಮೆಂಟು ಚೀಲ.
"ಖಾಲೀದನ್ನೂ ಎಣಿಸಿ ಮೇಡಂ" ಅಂದವನು ಮೇಸ್ತ್ರಿ ಜವರಪ್ಪ,
"ತುಂಬಿದ್ದು ಸುಳ್ಳು ಹೇಳ್ತದೆ, ಖಾಲೀದು ಹೇಳಲ್ಲ."

ಈಗ ಮೇಜಿನ ಮೇಲೆ ನನ್ನ ಹೆಸರಿನ ಹಲಗೆ.
ಗೋಡೆಯ ಚಾರ್ಟಿನಲ್ಲಿ ಮೂರನೇ ಸ್ಲ್ಯಾಬು
ಮಂಗಳವಾರವೇ ಮುಗಿದುಹೋಗಿದೆ;
ಕಂಬಿಯ ಲಾರಿ ಇನ್ನೂ ಅರಸೀಕೆರೆ ದಾಟಿಲ್ಲ.
ಮಾಲೀಕರಿಗೊಂದು ಫೋನು, ಡ್ರೈವರಿಗೊಂದು.
ಬಟವಾಡೆಗೆ ಕಾದು ಕೂತ ಗಾರೆಯವರಿಗೆ
ಫೋನು ಸಾಲದು,
ಮೆಟ್ಟಿಲಿಳಿದೇ ಹೋಗಬೇಕು.

ತೊಟ್ಟಿಯ ನೀರಿನಲ್ಲಿ ಮುಳುಗಿದ ಕ್ಯೂಬುಗಳ ಮೇಲೆ
ತಾರೀಕು, ನನ್ನದೇ ಅಕ್ಷರ.
ಏಳನೇ ದಿನ ಒಡೆದು ನೋಡಿದೆವು, ಬಲ ಕಮ್ಮಿ.
ಇಪ್ಪತ್ತೆಂಟಕ್ಕೆ ನೋಡೋಣ ಅಂದೆ.
ಖಾಲಿ ಚೀಲ ಕೊಡವಿ ಮಡಿಸುತ್ತಾ
ಜವರಪ್ಪ ಕೇಳಿದ:
"ನಿಮ್ಮದು ಎಷ್ಟನೇ ದಿನ, ಮೇಡಂ?"